ಬಯೋಸ್ವೇಲ್ ಮಾಡಿದರೆ ಸೊಳ್ಳೆ ಹೆಚ್ಚುವುದಿಲ್ಲವೇ?

ಪ್ರಶ್ನೆ: ನಮ್ಮ ರಸ್ತೆಯ ಬದಿಗೆ ಕಾಂಕ್ರೀಟ್ ಚರಂಡಿಯ ಬದಲು ಬಯೋಸ್ವೇಲ್, ಅಂದರೆ ಗಿಡ ನೆಟ್ಟ ಮಣ್ಣಿನ ಕಾಲುವೆ, ಮಾಡುವ ಮಾತು ನಡೆದಿದೆ. ಮಳೆನೀರನ್ನು ಬೇಕೆಂದೇ ನಿಲ್ಲಿಸಿಕೊಂಡರೆ ಸೊಳ್ಳೆಯ ಕಾಟ ಹೆಚ್ಚುವುದಿಲ್ಲವೇ?

ಉತ್ತರ: ನೀರು ವಾರಗಟ್ಟಲೆ ನಿಂತರೆ ಖಂಡಿತ ಹೆಚ್ಚುತ್ತದೆ. ಎರಡು ದಿನದೊಳಗೆ ಇಂಗಿಹೋದರೆ ಹೆಚ್ಚುವುದಿಲ್ಲ. ಸೊಳ್ಳೆಯ ಮೊಟ್ಟೆಯೊಡೆದು, ಮರಿ ನೀರಿನಲ್ಲೇ ಬೆಳೆದು, ರೆಕ್ಕೆ ಬಲಿತು ಹಾರಿಹೋಗಲು ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನ ಬೇಕು. ಸರಿಯಾಗಿ ಮಾಡಿದ ಬಯೋಸ್ವೇಲ್ ಮಳೆ ನಿಂತ 24ರಿಂದ 48 ಗಂಟೆಗಳಲ್ಲಿ ಬರಿದಾಗುತ್ತದೆ. ಅಷ್ಟರಲ್ಲಿ ಮರಿ ಹುಟ್ಟಿದರೂ ಬದುಕಲು ನೀರಿರುವುದಿಲ್ಲ. ಎಲ್ಲರೂ ನಂಬುವ ಮಾಮೂಲಿ ಚರಂಡಿಯ ಮುಚ್ಚಿದ ಗುಂಡಿಗಳಲ್ಲಿ ತಳದ ನೀರು ತಿಂಗಳುಗಟ್ಟಲೆ ಉಳಿಯುವುದುಂಟು. ಕಣ್ಣಿಗೆ ಕಾಣದ ಕಾರಣ ಅದರ ಮೇಲೆ ಯಾರೂ ದೂರುವುದಿಲ್ಲ, ಅಷ್ಟೇ.

ಬಯೋಸ್ವೇಲ್ ಎಂದರೆ ಅಗಲವಾದ, ಆಳವಿಲ್ಲದ, ಹುಲ್ಲು ಗಿಡಗಳಿಂದ ತುಂಬಿದ ಮಣ್ಣಿನ ಕಾಲುವೆ. 100 ಚದರ ಮೀಟರ್ ಡಾಂಬರಿನ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 2,500 ಲೀಟರ್ ನೀರಾಯಿತು. ಮೊದಲು ಹರಿದು ಬರುವ ನೀರೇ ಹೆಚ್ಚು ಕೊಳಕು: ಎಂಜಿನ್ ಎಣ್ಣೆ, ಟೈರು ಸವೆದ ಸತುವು, ಬ್ರೇಕಿನ ತಾಮ್ರದ ಪುಡಿ, ಧೂಳು. ಕಾಲುವೆಯ ಹುಲ್ಲು ಆ ನೀರಿನ ಓಟವನ್ನು ತಡೆಯುತ್ತದೆ, ಹೂಳು ಅಲ್ಲೇ ಕೂರುತ್ತದೆ, ಉಳಿದದ್ದು ಮರಳು ಮತ್ತು ಕಾಂಪೋಸ್ಟ್ ಬೆರೆತ ಮಣ್ಣಿನಲ್ಲಿ ಸೋಸಿ ಕೆಳಗಿಳಿಯುತ್ತದೆ. ಅಮೆರಿಕದ ಸಿಯಾಟಲ್ ನಗರದಲ್ಲಿ 2001ರಲ್ಲಿ ಒಂದು ರಸ್ತೆಯನ್ನು ಹೀಗೆ ಬದಲಿಸಿದರು. ಡಾಂಬರಿನ ಅಗಲ ಕಡಿಮೆ ಮಾಡಿ, ಎರಡೂ ಬದಿಗೆ ಇಂಥ ತಗ್ಗುಗಳನ್ನು ಮಾಡಿ ಮರ ಗಿಡ ನೆಟ್ಟರು. ಎರಡು ವರ್ಷ ಅಳೆದು ನೋಡಿದಾಗ ರಸ್ತೆಯಿಂದ ಹೊರಹರಿಯುವ ಮಳೆನೀರು ಶೇ 99ರಷ್ಟು ಇಳಿದಿತ್ತು.

ಹಾಗಾಗಿ ಸೊಳ್ಳೆಯ ಚಿಂತೆಗೆ ಮೊದಲು, ನಿಮ್ಮ ನೆಲ ನೀರು ಕುಡಿಯುತ್ತದೆಯೇ ಎಂದು ನೋಡಿ. ಒಂದು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ಈ ಸಲ ಅಳೆಯಿರಿ. ಮೊದಲ ಸಲ ಒಣಮಣ್ಣು ಆಸೆಬುರುಕನಂತೆ ಕುಡಿಯುತ್ತದೆ, ಆ ಲೆಕ್ಕ ನಂಬುವಂಥದ್ದಲ್ಲ. ಗಂಟೆಗೆ 12 ಮಿಲಿಮೀಟರ್ ಇಳಿದರೂ ಒಂದು ಅಡಿ ನೀರು ಸುಮಾರು ಒಂದು ದಿನದಲ್ಲಿ ಖಾಲಿಯಾಗುತ್ತದೆ. ಅದಕ್ಕಿಂತ ತೀರಾ ನಿಧಾನವಾದರೆ, ಅಂದರೆ ಅಂಟು ಜೇಡಿಮಣ್ಣಾಗಿದ್ದರೆ, ತಳದಲ್ಲಿ ಜಲ್ಲಿ ಹಾಸಿ ತೂತಿನ ಕೊಳವೆ ಹೂಳಬೇಕು. ಆ ಖರ್ಚು ಉಳಿಸಲು ಹೋದವರಿಗೇ ಕೊನೆಗೆ ಸೊಳ್ಳೆ ಗಂಟುಬೀಳುವುದು.

ಒಳ್ಳೆಯ ನೆಲವನ್ನೂ ಕೆಡಿಸಬಹುದು. ಕೆಲಸ ನಡೆಯುವಾಗ ಜೆಸಿಬಿ ಅದೇ ತಗ್ಗಿನಲ್ಲಿ ನಾಲ್ಕು ಸಲ ಓಡಾಡಿದರೆ ಸಾಕು, ಮಣ್ಣು ಗಟ್ಟಿಯಾಗಿ ಬಾಣಲೆಯ ತಳದಂತಾಗುತ್ತದೆ. ಮೇಲೆ ಎಷ್ಟು ಚಂದದ ಗಿಡ ನೆಟ್ಟರೂ ನೀರು ಕೆಳಗಿಳಿಯುವುದಿಲ್ಲ. ಯಂತ್ರ ಬದಿಯಲ್ಲಿ ನಿಂತು ಅಗೆಯಲಿ ಎಂದು ಮೊದಲೇ ಹೇಳಿಬಿಡಿ. ಅಕ್ಕಪಕ್ಕದ ಕಟ್ಟಡದ ಕೆಲಸ ಮುಗಿಯುವವರೆಗೆ ರಸ್ತೆಯ ನೀರನ್ನು ಅದಕ್ಕೆ ಬಿಡಲೂಬೇಡಿ, ಸಿಮೆಂಟು ಮಣ್ಣಿನ ಕೆಸರು ಒಂದೇ ಮಳೆಗೆ ರಂಧ್ರಗಳನ್ನೆಲ್ಲ ಮುಚ್ಚುತ್ತದೆ. ಕಾಲುವೆಯ ಉದ್ದಕ್ಕೆ 100 ಮೀಟರಿಗೆ ಒಂದರಿಂದ ಐದು ಮೀಟರ್ ಇಳಿಜಾರು ಸಾಕು. ಇನ್ನೂ ಕಡಿದಾಗಿದ್ದರೆ ಅಲ್ಲಲ್ಲಿ ಕಲ್ಲಿನ ಸಣ್ಣ ಒಡ್ಡು ಬೇಕು. ಮನೆಯ ಅಡಿಪಾಯದಿಂದ ಮೂರು ಮೀಟರಾದರೂ ದೂರವಿರಲಿ. ಅಂತರ್ಜಲ ತೀರಾ ಮೇಲಿರುವ ಕಡೆ ಈ ಯೋಚನೆಯನ್ನೇ ಬಿಡುವುದು ಲೇಸು.

ಮಾಡಿ ಮುಗಿಸಿದ ಮೇಲೆ, ದೊಡ್ಡ ಮಳೆ ಬಂದ ಮೂರನೆಯ ದಿನ ಬೆಳಿಗ್ಗೆ ಹೋಗಿ ನೋಡಿ. ಎಲ್ಲಾದರೂ ನೀರು ಉಳಿದಿದ್ದರೆ ಗಿಡ ಕೀಳಲು ಹೊರಡಬೇಡಿ. ನೀರು ಒಳಬರುವ ಬಾಯಿಯ ಹತ್ತಿರ ಕೂತ ಹೂಳನ್ನು ಮೊದಲು ಕೆರೆದು ತೆಗೆಯಿರಿ, ಹೆಚ್ಚಿನ ಸಲ ದೋಷ ಅಲ್ಲೇ ಇರುತ್ತದೆ.