ನಮ್ಮೂರ ಶಾಲೆಯನ್ನು ವಿಶ್ವಬ್ಯಾಂಕ್ ಮುಚ್ಚಿಸಿತೇ?

ಓದುಗರ ಪ್ರಶ್ನೆ: ಸರ್ಕಾರಿ ಶಾಲೆಗಳನ್ನು ಮುಚ್ಚಬೇಕೆಂಬ ಷರತ್ತಿನ ಮೇಲೆಯೇ ವಿಶ್ವಬ್ಯಾಂಕ್ ಸಾಲ ಕೊಟ್ಟಿತಂತೆ. ನಮ್ಮೂರ ಶಾಲೆ ಮುಚ್ಚಿದ್ದೂ ಅದರಿಂದಲೇ ಎನ್ನುತ್ತಾರೆ. ನಿಜವೇ?

ಇಲ್ಲ.

ಇಷ್ಟಕ್ಕೇ ನಿಲ್ಲಿಸುವ ಆಸೆಯಿದೆ. ಆದರೆ ಹಿಂದೊಮ್ಮೆ ಹೀಗೆ ಚುಟುಕಾಗಿ ಹೇಳಿದ್ದಕ್ಕೆ, "ಮೇಷ್ಟ್ರಿಗೆ ಪಿಂಚಣಿ ಬರುತ್ತದಲ್ಲ, ಇನ್ನೇನು ಹೇಳುತ್ತಾರೆ" ಎಂಬ ಮಾತು ಕೇಳಬೇಕಾಯಿತು. ಈ ಪ್ರಶ್ನೆ ನನಗೆ ಮದುವೆ ಮನೆಯಲ್ಲಿ ಎದುರಾಗಿದೆ, ಗೋಣಿಕೊಪ್ಪದ ಸಂತೆಯಲ್ಲಿ ಎದುರಾಗಿದೆ, ಒಮ್ಮೆ ಸಾವಿನ ಮನೆಯ ಅಂಗಳದಲ್ಲೂ ಎದುರಾಗಿದೆ. ಆದ್ದರಿಂದ ಈ ಸಲ ಲೆಕ್ಕ ಬಿಡಿಸಿಯೇ ತೋರಿಸುತ್ತೇನೆ.

ವಿಶ್ವಬ್ಯಾಂಕಿನ ಹಣ ನಮ್ಮ ರಾಜ್ಯದ ಪ್ರಾಥಮಿಕ ಶಾಲೆಗಳಿಗೆ ಮೊದಲ ಸಲ ದೊಡ್ಡ ಮಟ್ಟದಲ್ಲಿ ಬಂದದ್ದು 1994ರಲ್ಲಿ ಆರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದಲ್ಲಿ. ನಾವೆಲ್ಲ ಡಿಪಿಇಪಿ ಎನ್ನುತ್ತಿದ್ದೆವು. ನೂರರಲ್ಲಿ 85 ರೂಪಾಯಿ ಕೇಂದ್ರದ್ದು, ಅದರಲ್ಲಿ ಹೊರಗಿನ ಸಾಲ ಮತ್ತು ನೆರವು ಸೇರಿತ್ತು. ಉಳಿದ 15 ರಾಜ್ಯದ್ದು. ಕರ್ನಾಟಕದಲ್ಲಿ ಮೊದಲು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ಆಮೇಲೆ ಮೈಸೂರು, ಬೆಂಗಳೂರು ಗ್ರಾಮಾಂತರ, ಬಳ್ಳಾರಿ, ಬೀದರ್, ಬಿಜಾಪುರ, ಧಾರವಾಡ, ಗುಲ್ಬರ್ಗ. ಇನ್ನೊಮ್ಮೆ ಓದಿಕೊಳ್ಳಿ. ನಮ್ಮ ಕೊಡಗು ಎಲ್ಲಿದೆ? ಇಲ್ಲವೇ ಇಲ್ಲ. ಆಯ್ಕೆಯ ಮುಖ್ಯ ಅಳತೆಗೋಲು ಹೆಣ್ಣುಮಕ್ಕಳ ಸಾಕ್ಷರತೆ. ದೇಶದ ಸರಾಸರಿ 1991ರಲ್ಲಿ ಶೇಕಡ 39ರ ಆಸುಪಾಸಿನಲ್ಲಿದ್ದಾಗ ಕೊಡಗಿನದು 60 ದಾಟಿತ್ತು. ನಮ್ಮ ಅಜ್ಜಿಯರೂ ಅತ್ತೆಯರೂ ಓದಿಕೊಂಡಿದ್ದರು. ಡಿಪಿಇಪಿ ನಮ್ಮ ಜಿಲ್ಲೆಯತ್ತ ತಲೆ ಹಾಕಲಿಲ್ಲ. ಅದರ ಸಾಲವೇ ಬಾರದಿದ್ದ ಮೇಲೆ ಷರತ್ತು ಎಲ್ಲಿಂದ ಬರಬೇಕು?

ಹಣ ಹೋದ ಜಿಲ್ಲೆಗಳಲ್ಲಾದರೂ ಆದದ್ದೇನು? ಕೊಠಡಿ ಕಟ್ಟಿದರು, ಶಾಲೆ ಇಲ್ಲದ ಕಡೆ ಶಾಲೆ ತೆರೆದರು, ಶಿಕ್ಷಕರಿಗೆ ತರಬೇತಿ ಕೊಟ್ಟರು. ಇಂದು ಯಾವ ಶಿಕ್ಷಕರನ್ನು ಕೇಳಿದರೂ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದರು, ಕ್ಲಸ್ಟರ್ ಸಭೆಯಿತ್ತು ಎನ್ನುತ್ತಾರಲ್ಲ, ಆ ವ್ಯವಸ್ಥೆ ಬೇರೂರಿದ್ದೂ ಆಗಲೇ.

ಇನ್ನೂ ನಂಬಿಕೆ ಬಾರದಿದ್ದರೆ ಕುಟ್ಟಕ್ಕೆ ಹೋಗಿ, ಗಡಿ ದಾಟಿ ತೋಲ್ಪೆಟ್ಟಿಯಲ್ಲಿ ಒಂದು ಚಹಾ ಕುಡಿಯಿರಿ. ಅದು ಕೇರಳದ ವಯನಾಡು. ಅದೇ ಮಳೆ, ಅದೇ ಕಾಫಿ, ಅದೇ ಕರಿಮೆಣಸು. ಆದರೆ ವಯನಾಡು ಡಿಪಿಇಪಿಯ ಮೊದಲ ಹಂತದಲ್ಲಿಯೇ ಇತ್ತು. ಹೊಸ ಪಠ್ಯಕ್ರಮ ವಿಶ್ವಬ್ಯಾಂಕಿನದು ಎಂದು ಕೇರಳದಲ್ಲಿ ದೊಡ್ಡ ಜಗಳವೇ ನಡೆಯಿತು. ಮುಂದೆ 2020ರಲ್ಲಿ ವಿಶ್ವಬ್ಯಾಂಕ್ ಶಾಲಾ ಶಿಕ್ಷಣ ಸುಧಾರಿಸಲು 50 ಕೋಟಿ ಡಾಲರಿನ ಸ್ಟಾರ್ಸ್ ಯೋಜನೆಯನ್ನು ಒಪ್ಪಿದಾಗ ಆರಿಸಿಕೊಂಡ ಆರು ರಾಜ್ಯಗಳಲ್ಲಿಯೂ ಕೇರಳವಿದೆ, ಕರ್ನಾಟಕವಿಲ್ಲ. ಈ ಎರಡೂ ಯೋಜನೆಗಳ ಹಣ ಮುಟ್ಟಿದ ಕೇರಳದಲ್ಲಿ ಸರ್ಕಾರಿ ಶಾಲೆಗಳು ಬಾಗಿಲು ಹಾಕಿಕೊಂಡು ಕುಳಿತಿಲ್ಲ. ಗಡಿಯ ಈಚೆ, ಈ ಎರಡನ್ನೂ ಮುಟ್ಟದ ನಮ್ಮ ಜಿಲ್ಲೆಯಲ್ಲಿ ಶಾಲೆ ಖಾಲಿಯಾಯಿತು. ಇದಕ್ಕಿಂತ ಹೆಚ್ಚಿನ ಸಾಕ್ಷಿ ನಾನೆಲ್ಲಿಂದ ತರಲಿ?

ಖಾಲಿಯಾದದ್ದು ಹೇಗೆಂದು ನೋಡಬೇಕಾದರೆ ಬೆಳಿಗ್ಗೆ ಏಳೂವರೆಗೆ ಊರಿನ ಮುಖ್ಯ ರಸ್ತೆಯ ಬದಿಗೆ ಬಂದು ನಿಲ್ಲಿ. ಹಳದಿ ವ್ಯಾನು ಬರುತ್ತದೆ. ಟೈ ಕಟ್ಟಿಕೊಂಡ ಮಕ್ಕಳು ಮಂಜಿನಲ್ಲಿ ಹತ್ತುತ್ತಾರೆ. ನಾನು ಕೊನೆಯದಾಗಿ ಕೆಲಸ ಮಾಡಿದ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ಕಿರಿಯ ಮಗಳೂ ಅದೇ ವ್ಯಾನು ಹತ್ತುತ್ತಿದ್ದಳು; ಅವರು ಮಗಳಿಗೆ ಕೈಬೀಸಿ, ನಂತರ ಕನ್ನಡ ಶಾಲೆ ಉಳಿಸುವ ಸಭೆಗೆ ಬರುತ್ತಿದ್ದರು. ನಾನು ಸೇರಿದಾಗ ಪುಟ ಮಗುಚಬೇಕಿದ್ದ ಹಾಜರಿ ಪುಸ್ತಕ ನಿವೃತ್ತನಾಗುವಾಗ ಒಂಬತ್ತು ಸಾಲಿಗೆ ಇಳಿದಿತ್ತು. ಜಿಲ್ಲೆಯ ಜನಸಂಖ್ಯೆಯೇ 2001ರಿಂದ 2011ರ ವರೆಗೆ ಶೇಕಡ ಒಂದರಷ್ಟು ಮಾತ್ರ ಹೆಚ್ಚಿತು. ಇರುವ ಕೆಲವೇ ಮಕ್ಕಳಲ್ಲಿ ಕೈಲಾದವರು ವ್ಯಾನು ಹತ್ತಿದರು, ಇನ್ನೂ ಕೈಲಾದವರು ಮೈಸೂರು, ಊಟಿಯ ಹಾಸ್ಟೆಲ್ ಸೇರಿದರು. ಇದರಲ್ಲಿ ವಾಷಿಂಗ್ಟನ್ನಿನ ವಿಶ್ವಬ್ಯಾಂಕಿನವರ ಕೈವಾಡ ಹುಡುಕುವುದು, ತೋಟಕ್ಕೆ ನಾವೇ ಬೇಲಿ ಹಾಕದೆ ಆನೆಯನ್ನು ಬೈದ ಹಾಗೆ.

ಹಾಗಾದರೆ ಹೊರಗಿನ ಒತ್ತಡವೆಂಬುದೇ ಸುಳ್ಳೇ? ಸುಳ್ಳಲ್ಲ. ಅದು ಕೆಲಸ ಮಾಡುವ ಬಗೆ ಬೇರೆ, ಮತ್ತು ಅದನ್ನು ಅರ್ಥ ಮಾಡಿಕೊಳ್ಳಲು ಕೊಡಗಿನವರಷ್ಟು ಯೋಗ್ಯರು ಇನ್ನಾರೂ ಇಲ್ಲ. ರೊಬಸ್ಟಾ ದರ ಲಂಡನ್ನಿನಲ್ಲಿ, ಅರೇಬಿಕಾ ದರ ನ್ಯೂಯಾರ್ಕಿನಲ್ಲಿ ನಿರ್ಧಾರವಾಗುತ್ತದೆ. ಲಂಡನ್ನಿನವರು ಯಾರೂ ನಿಮಗೆ ಫೋನು ಮಾಡಿ ಈ ವರ್ಷ ಕಪಾತು ಮಾಡಬೇಡ, ಆಳು ಕಡಿಮೆ ಮಾಡು ಎನ್ನುವುದಿಲ್ಲ. ದರ ಬಿದ್ದರೆ ನೀವೇ ಮಾಡುತ್ತೀರಿ. ಬ್ರೆಜಿಲಿನಲ್ಲಿ 1994ರಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬೆಳೆ ಹಾಳಾಗಿ ದರ ಏರಿದಾಗ ಇಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಜೀಪುಗಳು ಬಂದವು, ಮಕ್ಕಳು ಹಾಸ್ಟೆಲಿಗೆ ಹೋದರು. ಶಿಕ್ಷಣ ನೀತಿಯ ಮೇಲೂ ಹೊರಗಿನಿಂದ ಬರುವುದು ಬಹಳ ಮಟ್ಟಿಗೆ ಹೀಗೆ ದರವೇ ಹೊರತು ಆಜ್ಞೆಯಲ್ಲ.

ಜರ್ಮನಿಯನ್ನೇ ನೋಡಿ. ಯಾರ ಸಾಲವೂ ಬೇಡದ ದೇಶ. ಹದಿನೈದು ವರ್ಷದ ಮಕ್ಕಳಿಗೆ, ಹೆಚ್ಚಾಗಿ ಸಿರಿವಂತ ದೇಶಗಳ ಕೂಟವಾದ ಓಇಸಿಡಿ ಸಂಸ್ಥೆ ನಡೆಸುವ ಪಿಸಾ ಪರೀಕ್ಷೆಯ ಮೊದಲ ಫಲಿತಾಂಶ 2001ರ ಡಿಸೆಂಬರಿನಲ್ಲಿ ಬಂದಾಗ ಅದು ಸರಾಸರಿಗಿಂತ ಕೆಳಗಿತ್ತು. ದೇಶಕ್ಕೆ ದೇಶವೇ ತಲೆ ಮೇಲೆ ಕೈ ಹೊತ್ತು ಕುಳಿತಿತು. ಮಧ್ಯಾಹ್ನಕ್ಕೇ ಮಕ್ಕಳನ್ನು ಮನೆಗೆ ಕಳಿಸುತ್ತಿದ್ದ ಶಾಲೆಗಳನ್ನು ಇಡೀ ದಿನದ ಶಾಲೆಗಳಾಗಿಸಲು 400 ಕೋಟಿ ಯೂರೋ ತೆಗೆದಿಟ್ಟಿತು. ಒಂದು ರ‍್ಯಾಂಕ್ ಪಟ್ಟಿ ಮಾಡಿಸಿದ ಕೆಲಸ ಅದು. ನಾವೂ ಒಮ್ಮೆ ಆ ಪರೀಕ್ಷೆಗೆ ಕುಳಿತೆವು: ತಮಿಳುನಾಡು ಮತ್ತು ಹಿಮಾಚಲ ಪ್ರದೇಶದ ಮಕ್ಕಳು ಬರೆದರು, 74ರಲ್ಲಿ 72 ಮತ್ತು 73ನೇ ಸ್ಥಾನ ಬಂತು. ಪ್ರಶ್ನೆಗಳು ನಮ್ಮ ಮಕ್ಕಳ ಪರಿಸರಕ್ಕೆ ಹೊಂದುವುದಿಲ್ಲ ಎಂದು ನಮ್ಮವರು ಮುಂದಿನ ಸುತ್ತುಗಳಿಂದ ದೂರ ಉಳಿದರು. ನನ್ನ ತರಗತಿಯಲ್ಲಿ ಫೇಲಾದವರೂ ಇದನ್ನೇ ಹೇಳುತ್ತಿದ್ದರು.

ಸಾಲಕ್ಕೂ ತೂಕವಿಲ್ಲವೆಂದಲ್ಲ. ಸಾಲ ಕೊಟ್ಟವನ ಮಾತು ಎಷ್ಟು ನಡೆಯುತ್ತದೆ ಎನ್ನುವುದು ಪಡೆದವನ ಕಣಜ ಎಷ್ಟು ಖಾಲಿಯಾಗಿದೆ ಎನ್ನುವುದರ ಮೇಲೆ ನಿಂತಿದೆ. ಆಫ್ರಿಕಾದ ಹಲವು ದೇಶಗಳು 1980ರ ದಶಕದ ಸಾಲದ ಸಂಕಟದಲ್ಲಿ ಪ್ರಾಥಮಿಕ ಶಾಲೆಗೂ ಶುಲ್ಕ ಹೇರಿದವು. ಅದರ ಹಿಂದೆ ಸಾಲದಾತರ ಸಲಹೆಯಿತ್ತು. ಉಗಾಂಡ 1997ರಲ್ಲಿ, ಕೀನ್ಯಾ 2003ರಲ್ಲಿ ಶುಲ್ಕ ತೆಗೆದಾಗ ಮಕ್ಕಳು ನುಗ್ಗಿ ಬಂದರು. ನಮ್ಮಲ್ಲಿಯೂ ಹಲವು ರಾಜ್ಯಗಳಲ್ಲಿ ಕಡಿಮೆ ಸಂಬಳದ ಗುತ್ತಿಗೆ ಶಿಕ್ಷಕರು ಹೆಚ್ಚಿದ್ದು ಡಿಪಿಇಪಿಯ ಕಾಲದಲ್ಲೇ. ಬೈಯುವುದಾದರೆ ಅದಕ್ಕೆ ಬೈಯಿರಿ, ನಾನೂ ಜೊತೆಗೆ ಬರುತ್ತೇನೆ.

ಪಾಲುದಾರಿಕೆಯ ಒಳ್ಳೆಯ ಮುಖವೊಂದು ನಮ್ಮ ಪಕ್ಕದಲ್ಲೇ ಇದೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೊಡಗಿನ ಕಾಡು ಮುಗಿಯುವಲ್ಲಿ ಹೆಗ್ಗಡದೇವನಕೋಟೆ ತಾಲೂಕು. ಅಲ್ಲಿನ ಶಿಕ್ಷಕರು 1995ರ ಸುಮಾರಿಗೆ ಆಂಧ್ರದ ಋಷಿ ಕಣಿವೆಯ (ರಿಷಿ ವ್ಯಾಲಿ) ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ಬೆಂಬಲ ಕೊಟ್ಟಿತು. ಹುಟ್ಟಿದ್ದು ನಲಿಕಲಿ, ಮಕ್ಕಳು ಕಾರ್ಡುಗಳ ಸುತ್ತ ಗುಂಪಾಗಿ ಕುಳಿತು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಬಗೆ. ಮುಂದೆ ಅದು ರಾಜ್ಯದ ಎಲ್ಲ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೂ ಹಬ್ಬಿ, ನಮ್ಮ ಶಾಲೆಯ ಸೂರಿಗೂ ಮಕ್ಕಳ ಕೆಲಸ ತೂಗುಹಾಕುವ ದಾರದ ಚಪ್ಪರ ಬಂತು, ಗೋಡೆಗೆ ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿ ಬಂತು. ಹಣ ಮತ್ತು ಮೊಹರು ಹೊರಗಿನದು. ಕಾರ್ಡುಗಳನ್ನು ಬರೆದು, ಕತ್ತರಿಸಿ, ಮಕ್ಕಳ ಮುಂದಿಟ್ಟು, ತಪ್ಪಿದ್ದನ್ನು ಮತ್ತೆ ಬರೆದವರು ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು. ನನಗೆ ಈ ವಿಷಯದಲ್ಲಿ ಸ್ವಲ್ಪ ಜಂಬವಿದೆ, ಇರಲಿ.

ನೀವು ಕೇಳದ ಒಂದು ಮಾತಿಗೆ ಇಲ್ಲಿಂದಲೇ ಜಾರುತ್ತೇನೆ. ಮಗು ತಾಯ್ನುಡಿಯಲ್ಲಿ ಕಲಿಯಬೇಕೆಂದು ಯುನೆಸ್ಕೊ 1953ರಿಂದ ಹೇಳುತ್ತಿದೆ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ, ಸಾಧ್ಯವಾದ ಕಡೆ ಕನಿಷ್ಠ ಐದನೆಯ ತರಗತಿಯವರೆಗೆ ಹಾಗೆಯೇ ಆಗಲಿ ಎಂದಿತು. ಪ್ಯಾರಿಸ್ಸಿನ ಯುನೆಸ್ಕೊವೂ ದೆಹಲಿಯೂ ಒಂದೇ ಮಾತು ಆಡಿದ ಅಪರೂಪದ ಸಂಗತಿ. ಒಳ್ಳೆಯದು. ಆದರೆ ನನ್ನ ಒಂಬತ್ತು ಮಕ್ಕಳಲ್ಲಿ ಕೊಡವ ತಕ್ಕ್ ಮಾತಾಡುವವನೊಬ್ಬ, ಅರೆಭಾಷೆಯವರಿಬ್ಬರು, ಮಲಯಾಳದವಳೊಬ್ಬಳು, ತೋಟದ ಕೂಲಿಗಳ ಲೈನ್ ಮನೆಯ ಯರವ ಬುಡಕಟ್ಟಿನ ಮಕ್ಕಳು ಮೂವರು, ಕಾಫಿ ಕುಯ್ಲಿಗೆಂದು ಅಸ್ಸಾಮಿನಿಂದ ಬಂದು ಉಳಿದವರ ಮಕ್ಕಳು ಇಬ್ಬರು. ಕನ್ನಡ ಮಾಧ್ಯಮದ ಆ ಶಾಲೆಯಲ್ಲಿ ಪಾಠದ ಕನ್ನಡವನ್ನು ಮನೆಯಲ್ಲಿ ಆಡುವ ಮಗು ಒಂದೂ ಇರಲಿಲ್ಲ.

ಅಸ್ಸಾಮಿನ ಹುಡುಗ ಬಂದ ಮೊದಲ ವಾರ ಬಾಯಿ ಬಿಡಲಿಲ್ಲ. ನನ್ನ ಕನ್ನಡ ಅವನಿಗೆ ತಿಳಿಯದು, ಅವನ ಮಾತು ನನಗೆ ತಿಳಿಯದು. ಎಂಟನೆಯ ದಿನ ನಲಿಕಲಿಯ ಕಾರ್ಡುಗಳ ತಟ್ಟೆಯ ಸುತ್ತ ಕುಳಿತಿದ್ದಾಗ ಯರವರ ಹುಡುಗಿ ಆನೆಯ ಚಿತ್ರದ ಕಾರ್ಡನ್ನು ಅವನ ಮೂಗಿನ ಮುಂದೆ ಹಿಡಿದು ಏನೋ ಕೇಳಿದಳು, ಯಾವ ಭಾಷೆಯಲ್ಲೋ. ಅವನು "ಹಾತಿ" ಎಂದ. ಅವಳು ತಲೆಯಾಡಿಸಿ, "ಅಲ್ಲ, ಆನೆ. ರಾತ್ರಿ ನಿಮ್ಮ ಲೈನಿನ ಹತ್ತಿರ ಬಂದಿತ್ತಲ್ಲ, ಅದೇ" ಎಂದು ಕನ್ನಡದಲ್ಲಿ ಹೇಳಿ, ಕಾರ್ಡನ್ನು ಅವನ ಕೈಗೆ ಕೊಟ್ಟು ಮುಂದಿನದನ್ನು ಎತ್ತಿಕೊಂಡಳು.