2³¹ − 1: ಆಯ್ಲರ್ ಭಾಗಾಕಾರ ಉಳಿಸಿದ ಬಗೆ

2³¹ − 1 ಅಂದರೆ 2,14,74,83,647. ಕೋಡ್ ಬರೆಯುವವರಿಗೆ ಇದು ಗೊತ್ತೇ ಇರುತ್ತದೆ: ಧನ, ಋಣ ಎರಡನ್ನೂ ಹಿಡಿಸುವ 32 ಬಿಟ್ ಪೂರ್ಣಾಂಕದ ಗರಿಷ್ಠ ಬೆಲೆ. ಇದು ಅವಿಭಾಜ್ಯ ಎಂದು ಲಿಯೊನಾರ್ಡ್ ಆಯ್ಲರ್ 1772ರಲ್ಲಿ ತಿಳಿಸಿದರು. ಆಗ ಅವರಿಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ.

ಶಾಲೆಯಲ್ಲಿ ಕಲಿತ ದಾರಿಯಲ್ಲಿ ಹೋದರೆ, ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ವರ್ಗಮೂಲ ಸುಮಾರು 46,341. ಅಷ್ಟರೊಳಗೆ 4,792 ಅವಿಭಾಜ್ಯಗಳಿವೆ. ಇಷ್ಟನ್ನೂ ಮಾಡುತ್ತ ಕೂರುವ ಬದಲು, ಭಾಜಕ ಇದ್ದರೆ ಅದು ಹೇಗಿರಬೇಕು ಅಂತ ಮೊದಲು ಕೇಳೋಣ.

ಅವಿಭಾಜ್ಯ ಭಾಜಕವೊಂದು ಇದೆ, ಅದು ಕ ಎಂದುಕೊಳ್ಳಿ. 2, 4, 8, 16 ಹೀಗೆ 2ರ ಘಾತಗಳನ್ನು ಕ ದಿಂದ ಭಾಗಿಸುತ್ತ ಹೋದರೆ ಶೇಷಗಳು ಸುತ್ತು ಹೊಡೆದು ಮತ್ತೆ 1ಕ್ಕೆ ಬರುತ್ತವೆ. 2³¹ರಲ್ಲಿ ಶೇಷ 1 ಬರುವುದರಿಂದ, ಸುತ್ತಿನ ಉದ್ದ 31ನ್ನು ನಿಶ್ಶೇಷವಾಗಿ ಭಾಗಿಸಬೇಕು. 31 ತಾನೇ ಅವಿಭಾಜ್ಯ. ಹಾಗಾಗಿ ಉದ್ದ 1 ಇಲ್ಲವೇ 31. ಉದ್ದ 1 ಆಗಬೇಕಾದರೆ 2ನ್ನು ಭಾಗಿಸಿದಾಗಲೇ ಶೇಷ 1 ಬರಬೇಕು, ಅದು ಆಗದ ಮಾತು. ಉಳಿದದ್ದು 31. ಫರ್ಮಾ ಅವರ ಕಿರು ಪ್ರಮೇಯದ ಪ್ರಕಾರ ಈ ಉದ್ದ ಕ − 1ನ್ನೂ ಭಾಗಿಸುತ್ತದೆ. ಕ ಬೆಸ ಸಂಖ್ಯೆ, ಆದ್ದರಿಂದ ಕ − 1 ಸಮ. ಅಂದರೆ ಕ − 1 ಎನ್ನುವುದು 62ರ ಗುಣಕ. ನನಗೆ ಇಡೀ ಲೆಕ್ಕದಲ್ಲಿ ತುಂಬಾ ಇಷ್ಟವಾದ ಹೆಜ್ಜೆ ಇದೇ.

ಇನ್ನೊಂದು ಜರಡಿ ಇದೆ. 2³¹ರ ಶೇಷ 1 ಆದರೆ 2³²ರ ಶೇಷ 2, ಅಲ್ವಾ? 2³² ಎಂದರೆ 2¹⁶ರ ವರ್ಗ. ಹೀಗೆ ಒಂದು ವರ್ಗಸಂಖ್ಯೆಯಿಂದ ಶೇಷ 2 ಕೊಡಬಲ್ಲ ಬೆಸ ಅವಿಭಾಜ್ಯವನ್ನು 8ರಿಂದ ಭಾಗಿಸಿದರೆ 1 ಅಥವಾ 7 ಉಳಿಯುತ್ತದೆ. ಇದರ ಸಾಧನೆ ಉದ್ದ. ಸದ್ಯಕ್ಕೆ ನಂಬಿ ಮುಂದೆ ಹೋಗಿ.

ಎರಡನ್ನೂ ಸೇರಿಸಿದರೆ, ಕ ವನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಮಾತ್ರ. 46,341ರೊಳಗೆ ಅಂಥವು 373. ಅವುಗಳಲ್ಲಿ ಅವಿಭಾಜ್ಯಗಳು ನೂರಕ್ಕಿಂತ ಕಡಿಮೆ. ಮೊದಲನೆಯದು 311, ಅದಾದ ಮೇಲೆ ನೇರ 1303! ಇವುಗಳಲ್ಲಿ ಒಂದೂ ಭಾಗಿಸುವುದಿಲ್ಲ.

ಜರಡಿಗೆ ಏನಾದರೂ ಸಿಕ್ಕಿದರೆ ಹೇಗಿರುತ್ತದೆ ಅಂತ ನೋಡಲು 2²⁹ − 1 ತೆಗೆದುಕೊಳ್ಳಿ. ಇಲ್ಲಿ 58ರ ಗುಣಕಕ್ಕೆ 1 ಕೂಡಿಸಬೇಕು: 59, 117, 175, 233. 8ರಿಂದ ಭಾಗಿಸಿದರೆ 59 ಮತ್ತು 117 ಬಿದ್ದುಹೋಗುತ್ತವೆ. 175 ಅವಿಭಾಜ್ಯವಲ್ಲ. 233 ಉಳಿಯಿತು. 53,68,70,911 ಅನ್ನು ಅದರಿಂದ ಭಾಗಿಸಿ, ಸರಿಯಾಗಿ 23,04,167 ಬರುತ್ತದೆ. ಒಂದೇ ಭಾಗಾಕಾರದಲ್ಲಿ ಕೆಲಸ ಮುಗಿಯಿತು.

ಮತ್ತೆ 2³¹ − 1ಕ್ಕೆ ಬಂದರೆ, ಅದಕ್ಕೆ ಇನ್ನೊಂದು ಗುಣವಿದೆ. ಅದನ್ನು 2³⁰ರಿಂದ ಗುಣಿಸಿದರೆ ಪರಿಪೂರ್ಣ ಸಂಖ್ಯೆ ಸಿಗುತ್ತದೆ, ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದದ್ದು.

2024ರಲ್ಲಿ ಸಿಕ್ಕ 2ರ 13,62,79,841ನೇ ಘಾತದಿಂದ 1 ಕಳೆದ ಅವಿಭಾಜ್ಯದಲ್ಲಿ ನಾಲ್ಕು ಕೋಟಿಗೂ ಜಾಸ್ತಿ ಅಂಕಿಗಳಿವೆ. ಅಷ್ಟು ದೊಡ್ಡದಕ್ಕೆ ಬೇರೆಯೇ ಪರೀಕ್ಷೆ ಬೇಕು. ಆದರೆ ಇಂಥ ಹುಡುಕಾಟದಲ್ಲಿ ಆ ದುಬಾರಿ ಪರೀಕ್ಷೆಗೆ ಮೊದಲು ಕಂಪ್ಯೂಟರುಗಳು ಸಣ್ಣ ಭಾಜಕಗಳನ್ನು ಹುಡುಕುವುದು ಇದೇ ಎರಡು ಜರಡಿ ಹಿಡಿದು.