ಅದೇ ಪ್ರಶ್ನೆ ಮಗುವಿಗೆ ಎಷ್ಟು ಸಲ?

ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) ಪ್ರಕರಣಗಳಲ್ಲಿ ನಾನು ಬೆಂಬಲ ವ್ಯಕ್ತಿಯಾಗಿ ಕೆಲಸ ಮಾಡುತ್ತೇನೆ. ಅಂದರೆ ದೂರಿನಿಂದ ತೀರ್ಪಿನವರೆಗೆ ಮಗುವಿನ ಜೊತೆಗಿರುವವಳು. ತಂದೆತಾಯಿ ಮೊದಲು ಕೇಳುವುದೇ, "ಮೇಡಂ, ಇನ್ನು ಎಲ್ಲೆಲ್ಲಿ ಅಲೀಬೇಕು?" ಅಂತ. ಠಾಣೆ, ಆಸ್ಪತ್ರೆ, ಮಕ್ಕಳ ಕಲ್ಯಾಣ ಸಮಿತಿ, ಮ್ಯಾಜಿಸ್ಟ್ರೇಟ್, ವಿಶೇಷ ನ್ಯಾಯಾಲಯ ಅಂತ ಹೇಳಿದರೆ ಯಾರಿಗಾದರೂ ಭಯ ಆಗುತ್ತದೆ, ಅಲ್ವಾ? ಆದರೆ 2012ರ ಕಾಯ್ದೆ ಮತ್ತು 2020ರ ನಿಯಮಗಳನ್ನು ಓದಿದರೆ ಒಂದು ವಿಷಯ ಸ್ಪಷ್ಟ. ಅಲೆಯಬೇಕಾದ್ದು ಕಾಗದ, ಮಗು ಅಲ್ಲ.

ದೂರು ಬಂದ 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೂ (ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನಿಸುವ ಜಿಲ್ಲಾ ಸಮಿತಿ) ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ಇದನ್ನು ಸುಮ್ನೆ ಒಂದು ಫಾರ್ಮಾಲಿಟಿ ಅಂದುಕೊಳ್ಳಬೇಡಿ. ಬೆಂಬಲ ವ್ಯಕ್ತಿಯನ್ನು ಕೊಡುವುದು, ಊಟ, ಬಟ್ಟೆ, ಓಡಾಟದ ಖರ್ಚಿಗೆ ತುರ್ತು ಹಣಕ್ಕೆ ಶಿಫಾರಸು ಮಾಡುವುದು, ಎಲ್ಲ ಸಮಿತಿಯ ಕೆಲಸ. ಶಿಫಾರಸಾದ ಮೇಲೆ ಒಂದು ವಾರದಲ್ಲಿ ಆ ಹಣ ಸಿಗಬೇಕು ಅನ್ನುವುದು ಎಷ್ಟೋ ಮನೆಗಳಿಗೆ ಗೊತ್ತೇ ಇರುವುದಿಲ್ಲ.

ಆರೋಪಿ ಅದೇ ಮನೆಯವನಾದರೆ ವಿಷಯ ಇನ್ನೂ ಕಷ್ಟ. ಆಗ 24 ಗಂಟೆಯೊಳಗೆ ಮಗುವನ್ನು ಸಮಿತಿಯ ಮುಂದೆ ಕರೆತರಬೇಕು, ಮನೆಯಲ್ಲೇ ಬಿಡಬೇಕೋ ಬೇಡವೋ ಅಂತ ಸಮಿತಿ 3 ದಿನದಲ್ಲಿ ತೀರ್ಮಾನಿಸಬೇಕು, ಅದಕ್ಕೂ ಮುಂಚೆ ಮಗುವಿನ ಇಷ್ಟವನ್ನೂ ಕೇಳಬೇಕು. ನನ್ನ ಕೇಳಿದರೆ, ಸಾಧ್ಯವಾದಷ್ಟೂ ಹೊರಗೆ ಹೋಗಬೇಕಾದವನು ಆರೋಪಿ. ಅಮ್ಮನನ್ನು, ಶಾಲೆಯನ್ನು, ಗೆಳೆಯರನ್ನು ಒಟ್ಟಿಗೇ ಕಳೆದುಕೊಂಡ ಮಗು ತಾನೇ ತಪ್ಪು ಮಾಡಿದೆ ಅಂದುಕೊಳ್ಳುತ್ತದೆ. ಆದರೆ ಆರೋಪಿಗೆ ಜಾಮೀನು ಸಿಕ್ಕಿದ ವಿಷಯ ನಮಗೆ ತಡವಾಗಿ ತಿಳಿದರೆ ಮಾಡಿದ ಏರ್ಪಾಡೆಲ್ಲ ವ್ಯರ್ಥ. ಈ ಮಾಹಿತಿಯನ್ನು ಪೊಲೀಸರು ಪೋಷಕರಿಗೂ ಬೆಂಬಲ ವ್ಯಕ್ತಿಗೂ ಕೊಡಲೇಬೇಕು ಅಂತ ನಿಯಮದಲ್ಲೇ ಇದೆ. ಇಲಾಖೆಗಳ ನಡುವೆ ಕೊಂಡಿ ಜಾಸ್ತಿ ಕಳಚುವುದು ಇಲ್ಲೇ.

ಹೇಳಿಕೆ ಕೊಡಲು ಮಗು ಠಾಣೆಗೆ ಬರಬೇಕಾಗಿಲ್ಲ. ಮನೆಗೋ ಮಗು ಹೇಳಿದ ಜಾಗಕ್ಕೋ ಪೊಲೀಸರೇ ಬರಬೇಕು, ಸಮವಸ್ತ್ರ ಇಲ್ಲದೆ, ಸಾಧ್ಯವಾದರೆ ಮಹಿಳಾ ಅಧಿಕಾರಿಯೇ. ಆಸ್ಪತ್ರೆಯವರು ತುರ್ತು ಚಿಕಿತ್ಸೆಗೆ ಮೊದಲು ಪೊಲೀಸ್ ಪತ್ರ ತನ್ನಿ ಅನ್ನುವಂತಿಲ್ಲ. ಹೆಣ್ಣುಮಗುವಾದರೆ ತಪಾಸಣೆ ಮಾಡಬೇಕಾದವರು ಮಹಿಳಾ ವೈದ್ಯರು. ನ್ಯಾಯಾಲಯದಲ್ಲಿ ವಕೀಲರು ನೇರವಾಗಿ ಮಗುವನ್ನು ಪ್ರಶ್ನಿಸುವ ಹಾಗಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ಮತ್ತೆ ಮತ್ತೆ ಸಾಕ್ಷಿಗೆ ಕರೆಸುವಂತೆಯೂ ಇಲ್ಲ.

ಶಿಕ್ಷಕರಿಗೆ ಒಂದು ಮಾತು. ಮಗು ನಿಮ್ಮ ಹತ್ತಿರ ಇಂಥ ವಿಷಯ ಹೇಳಿದರೆ ನಿಜವೋ ಸುಳ್ಳೋ ಅಂತ ನೀವೇ ವಿಚಾರಣೆಗೆ ಇಳಿಯಬೇಡಿ. ಮುಖ್ಯೋಪಾಧ್ಯಾಯರು, ಆಡಳಿತ ಮಂಡಳಿ ಅಂತ ಎಲ್ಲರ ಮುಂದೆ ಮಗುವಿನ ಬಾಯಿ ಬಿಡಿಸಬೇಡಿ. ಮಗು ಹೇಳಿದ್ದನ್ನು ಅದರ ಮಾತಲ್ಲೇ ಬರೆದಿಟ್ಟು ಪೊಲೀಸರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿದರೂ ಆಯಿತು. ಗೊತ್ತಿದ್ದೂ ಮುಚ್ಚಿಡುವುದೇ ಒಂದು ಅಪರಾಧ, ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೂ ಜೈಲಾಗಬಹುದು.

ಇನ್ನು ಪೋಷಕರೇ, ಠಾಣೆಯಿಂದ ಹೊರಡುವ ಮುಂಚೆ ಎಫ್‌ಐಆರ್ ಪ್ರತಿ ಕೇಳಿ, ಅದು ಉಚಿತ. ಸಮಿತಿಗೆ ವರದಿ ಯಾವಾಗ ಹೋಗುತ್ತದೆ ಅಂತಲೂ ಕೇಳಿ ಬರೆದುಕೊಳ್ಳಿ. ಮರುದಿನ ಸಮಿತಿಗೇ ಫೋನ್ ಮಾಡಿ, ವರದಿ ಬಂತಾ, ನಮ್ಮ ಮಗುವಿಗೆ ಬೆಂಬಲ ವ್ಯಕ್ತಿ ಯಾರು ಅಂತ ವಿಚಾರಿಸಿ.